ಬೋಟಿಗೆ ಕೂರಿಸಿದ ಬಾಗಿಲು

ಬಾಗಿಲು ಬೇಕೆಂದು ಹಠ ಹಿಡಿದವಳು ನಾನೇ. ಈ ಕತೆ ಬಂದಾಗಲೆಲ್ಲ ನನ್ನ ಗಂಡ ‘ಕೇಳಿದ್ಯಾರು?’ ಎಂದೇ ಶುರು ಮಾಡುತ್ತಾರೆ. ಕೇಳಿದ್ದು ನಾನು, ಇಲ್ಲ ಅನ್ನುವುದಿಲ್ಲ. ಆದರೆ ತೆಗೆಯಲು ಬಾರದ ಬಾಗಿಲನ್ನೇನೂ ಕೇಳಿರಲಿಲ್ಲ.

ನಾನು ರಾಯದುರ್ಗದವಳು. ಅವರು ಮಡಕಶಿರಾ ಹತ್ತಿರದ ರೊಳ್ಳದ ಕಡೆಯವರು, ತಲೆತಲಾಂತರದಿಂದ ಮರಗೆಲಸದವರು. ನಮ್ಮ ಊರಿನಲ್ಲಿ ಜೀನ್ಸ್ ಹೊಲಿಯುವ ಶೆಡ್ಡುಗಳು ಗಲ್ಲಿಗೊಂದರಂತೆ ಎದ್ದ ಕಾಲದಲ್ಲಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಮಾಡಿಕೊಡಲು ಅವರು ಬಂದಿದ್ದರು. ನಾನು ಅಂಥದೊಂದು ಶೆಡ್ಡಿನಲ್ಲಿ ತಪ್ಪು ಬಿದ್ದ ಹೊಲಿಗೆಯನ್ನು ಬಿಚ್ಚುವ ಕೆಲಸದಲ್ಲಿದ್ದೆ. ನಾಲ್ಕು ಜನ ಹೊಲಿದದ್ದನ್ನು ನಾನೊಬ್ಬಳು ಬಿಚ್ಚುತ್ತಿದ್ದೆ, ಹಾಗಾಗಿ ಅಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಮೇಜು ಮಾಡಲು ಬಂದವರಿಗೆ ಮಾತ್ರ ಹೇಗೋ ಆಗಿಬಂದೆ. ಮದುವೆಯಾಯಿತು.

ಮದುವೆಯಾದರೂ ಶೆಡ್ಡು ತಪ್ಪಲಿಲ್ಲ. ಅರ್ಜೆಂಟು ಆರ್ಡರ್ ಬಂದ ದಿನ ಮುಂದಿನ ಶಟರ್ ಎಳೆದು ಬೀಗ ಜಡಿಯುತ್ತಿದ್ದರು. ಬಂಡಲುಗಳು ಮುಗಿಯುವ ತನಕ ಒಳಗಿದ್ದವರು ಒಳಗೇ. ಉಗುರಿನ ಸಂದಿಯಲ್ಲಿ ನೀಲಿ, ಸೀನಿದರೆ ಸೆರಗಿನ ಮೇಲೂ ನೀಲಿ. ಆ ಶಟರ್ ಗರಗರ ಇಳಿದರೆ ಸಾಕು, ನನ್ನ ಕೈಯ ಕೆಲಸ ನಿಲ್ಲುತ್ತಿತ್ತು. ಮಿಕ್ಕವರು ಹಾಡು ಹೇಳುತ್ತಾ ಕೆಲಸ ಮಾಡುತ್ತಿದ್ದರು, ನಾನು ಶಟರಿನ ಕೆಳಗಿನ ಬೆಳಕಿನ ಗೆರೆ ನೋಡುತ್ತಾ ಕೂರುತ್ತಿದ್ದೆ. ಅದಕ್ಕೇ ಅಮರಾಪುರದ ಕಡೆಯ ಒಬ್ಬ ಲಾರಿ ಡ್ರೈವರ್, ಸಮುದ್ರದ ದಂಡೆಯಲ್ಲಿ ಬೋಟು ರಿಪೇರಿ ಮಾಡುವ ಕಡೆ ಮರಗೆಲಸದವರು ಬೇಕಂತೆ ಎಂದಾಗ ನನ್ನ ಗಂಡನಿಗಿಂತ ಮೊದಲು ಗಂಟು ಕಟ್ಟಿದವಳು ನಾನು. ‘ಮತ್ತ ಆ ಶೆಡ್ಡಿಗೆ ನಾ ಕಾಲಿಡಂಗಿಲ್ರಿ,’ ಎಂದು ದೇವರ ಮುಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟೆ.

ದಂಡೆಗೆ ಬಂದಿಳಿದೆವು. ಬೋಟನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ನಮ್ಮ ಕಡೆ ಕೆರೆಯೇ ತುಂಬುವುದು ಅಪರೂಪ, ದೋಣಿಯ ಮಾತೆಲ್ಲಿ. ಮಳೆಗಾಲ ಬರುತ್ತದೆಂದು ಮೀನಿನ ಬೋಟುಗಳನ್ನೆಲ್ಲ ದಡಕ್ಕೆಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಬೋಟುಗಳ ಮಾಲೀಕರು ನಮಗೊಂದು ಹಳೇ ಬೋಟು ತೋರಿಸಿದರು. ಅದರ ಕ್ಯಾಬಿನ್ನಿಗೆ ಚಾವಣಿ ಇತ್ತು, ಮೂರು ಕಡೆ ಗೋಡೆ ಇತ್ತು, ಹಿಂಬದಿ ಬಯಲು. ಆ ಬಯಲಿಗೆ ಹಲಗೆಯ ಅಡ್ಡಗೋಡೆ ಹೊಡೆದು ಒಂದು ಬಾಗಿಲು ಕೂರಿಸಬೇಕು. ಕೆಲಸ ಮುಗಿಯುವ ತನಕ ನಾವು ಅದರಲ್ಲೇ ಇರಬಹುದು.

‘ಬಾಗಿಲು ಲಾಯಕ್ಕಾಗಿ ಬಂದರೆ ಉಳಿದ ಬೋಟಿನ ಕೆಲಸವೂ ನಿಮಗೇ,’ ಎಂದರು ಮಾಲೀಕರು. ‘ಮಳೆ ಮುಗಿಯುವವರೆಗೆ ಕೈತುಂಬ ಕೆಲಸ ಉಂಟು. ಬರದಿದ್ದರೆ ನಾನು ಬೇರೆ ಜನ ನೋಡ್ತೇನೆ, ಬೇಸರ ಮಾಡಬಾರದು.’

ಬೇರೆ ಜನ ನೋಡಿದರೆ ನಾವು ರಾಯದುರ್ಗದ ಬಸ್ಸು ಹತ್ತಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಅಲ್ಲಿ ಕೆಲಸ ಮಾಡುವವರೆಲ್ಲ ಗಂಡಸರು. ಕ್ಯಾಬಿನ್ನಿನ ಹಿಂಬದಿಗೆ ಕಟ್ಟಿದ್ದ ಟಾರ್ಪಾಲು ಗಾಳಿಗೆ ಹಾರಿದರೆ ನಾನು ಸೀರೆ ಉಡುವುದು ಇಡೀ ದಂಡೆಗೆ ಕಾಣುತ್ತಿತ್ತು. ಒಂದು ಬೆಳಗ್ಗೆ ತಡೆಯದೆ ಹೇಳಿದೆ: ‘ಏನ್ರಿ, ನನಗೊಂದು ಬಾಗ್ಲ ಲಗೂನ ಮಾಡಿಕೊಡ್ರಿ. ಒಳಗ ಚಿಲಕ ಇರ್ಲಿ.’

‘ಬಾಗ್ಲು ಬೋಟ್‌ಗೆ ಕಣಮ್ಮಿ, ನಿಂಗಲ್ಲ,’ ಎಂದರು. ಆದರೆ ಒಳಗೊಂದು ಹೊರಗೊಂದು, ಎರಡು ಚಿಲಕ ತಂದರು.

ಅವರು ಬಾಗಿಲು ಮಾಡುವುದನ್ನು ನೋಡಬೇಕು. ಮಾತಿಲ್ಲ, ಊಟದ ಪರಿವೆಯಿಲ್ಲ. ನಮ್ಮ ಕಡೆ ಬೇಸಿಗೆಗೆ ಮರ ಒಣಗಿ ಸಂದು ಬಿಡುತ್ತದೆ, ಸಂದಿನಿಂದ ದೂಳು ಬರುತ್ತದೆ, ಚೇಳೂ ಬರುತ್ತದೆ. ಹಾಗಾಗಿ ಬಾಗಿಲನ್ನು ಬಿಗಿಯಾಗಿ ಕೂರಿಸಬೇಕು, ಆಮೇಲೆ ತಾನೇ ಸಡಿಲವಾಗುತ್ತದೆ ಎಂದು ನಮ್ಮ ಮಾವ ಕಲಿಸಿದ್ದರಂತೆ. ಚೌಕಟ್ಟಿಗೂ ಬಾಗಿಲಿಗೂ ನಡುವೆ ಕೂದಲು ತೂರದ ಹಾಗೆ ಕೂರಿಸಿದರು. ನಾನು ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದೆ. ಪಕ್ಕದ ಬೋಟಿನವರು ನಕ್ಕರು. ಇವರು ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು, ಅದರ ಮೈ ಸವರಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇದು ಹೆಗ್ಗಣವೂ ಆಗಿರಲಿಲ್ಲ, ನಿಜವಾಗಿ ಚೆಂದದ ಬಾಗಿಲು.

ನಾಳೆ ಮಾಲೀಕರು ನೋಡಲು ಬರುತ್ತಾರೆ ಎನ್ನುವಾಗ ಮಳೆ ಹಿಡಿಯಿತು. ಮರಗೆಲಸದ ಚೀಲ ನೆನೆಯದಿರಲೆಂದು ಕ್ಯಾಬಿನ್ನಿನೊಳಗೆ ಇಟ್ಟರು. ಅದನ್ನಿಟ್ಟ ಮೇಲೆ ಒಬ್ಬರು ಮಲಗುವಷ್ಟೇ ಜಾಗ ಉಳಿಯಿತು. ಅವರು ಕೆಲಸದವರ ಕೊಟ್ಟಿಗೆಗೆ ಹೋದರು, ನಾನು ಬಾಗಿಲು ಎಳೆದುಕೊಂಡು ಚಿಲಕ ಹಾಕಿದೆ. ಊರು ಬಿಟ್ಟ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅಂದೇ.

ಬೆಳಗ್ಗೆ ಎದ್ದು ಚಿಲಕ ತೆಗೆದು ನೂಕಿದೆ. ಬಾಗಿಲು ಕದಲಲಿಲ್ಲ. ಭುಜ ಕೊಟ್ಟು ನೂಕಿದೆ. ಗೋಡೆಯನ್ನು ನೂಕಿದ ಹಾಗಾಯಿತು. ರಾತ್ರಿಯೆಲ್ಲ ಮಳೆಯನ್ನೂ ಉಪ್ಪುಗಾಳಿಯನ್ನೂ ಕುಡಿದ ಮರ ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು. ಅವರನ್ನು ಕೂಗಿದೆ.

‘ಬಾಗ್ಲ ಬರವಲ್ದುರಿ!’

‘ಚಿಲ್ಕ ತೆಗ್ದೇನೆ?’

‘ತೆಗದೀನ್ರಿ, ನನಗೇನ್ ತಲಿ ಕೆಟ್ಟೈತಾ?’

ಹೊರಗಿನಿಂದ ಎಳೆದರು. ಹಿಡಿ ಕಿತ್ತು ಅವರ ಕೈಗೆ ಬಂತು. ಆಮೇಲೆ ಅವರ ಗೋಳು ಕೇಳಿಸಿತು: ‘ಅಯ್ಯೋ, ಸಾಮಾನೆಲ್ಲ ಒಳ್ಗೇ ಅದಲ್ಲೇ!’

ಸಾಮಾನಿನ ಜೊತೆ ಹೆಂಡತಿಯೂ ಇದ್ದಾಳೆ ಎಂದು ನೆನಪಿಸಿದೆ.

ಕ್ಯಾಬಿನ್ನಿನ ಮುಂಭಾಗದಲ್ಲಿ ತಟ್ಟೆಯಗಲದ ಗಾಜುಗಳಿದ್ದವು. ಮಳೆಗಾಲದಲ್ಲಿ ಒಡೆಯದಿರಲೆಂದು ಮಾಲೀಕರು ಅವಕ್ಕೆ ಹೊರಗಿನಿಂದ ಹಲಗೆ ಹೊಡೆಸಿದ್ದರು. ಪಕ್ಕದವರ ಹಾರೆ ತಂದು ಇವರು ಒಂದು ಹಲಗೆ ಕಿತ್ತರು. ಬೆಳಕು ಬಂತು. ಗಾಜು ಗೋಡೆಗೇ ಕೂರಿಸಿಬಿಟ್ಟದ್ದು, ತೆಗೆಯುವಂಥದಲ್ಲ, ಒಡೆಯೋಣವೆಂದರೆ ಮಾಲೀಕರದು. ಗಾಳಿ ಬರಲಿಲ್ಲ. ಗಾಜಿನಾಚೆ ಅವರ ಮುಖ ಕಂಡಿತು. ತುಟಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮತ್ತೆ ಬಾಗಿಲ ಕಡೆ ಓಡಿ ಬಂದು, ‘ಸ್ವಲ್ಪ ತಡಿ, ಬಿಸ್ಲು ಬಂದ್ರೆ ಒಣ್ಗಿ ತಾನೇ ಬತ್ತದೆ,’ ಎಂದರು.

‘ಬಿಸ್ಲ ದಸರಾಕ್ಕ ಬರ್ತೈತಿ! ಅಲ್ಲೀತನ ಇಲ್ಲೇ ಕುಂದರ್ಲಾ?’

ಮೊದಮೊದಲು ನನಗೆ ನಗು ಬರುತ್ತಿತ್ತು. ಅಂಚಿಗೆಲ್ಲ ಸೋಪು ಸವರು ಎಂದರು, ಸವರಿದೆ. ಮೈಗೆ ಇಲ್ಲದ ಸೋಪು ಬಾಗಿಲಿಗಾಯಿತು. ಹಾರೆ ಹಾಕಿ ಮೀಟಿದರೆ ಬಾಗಿಲ ಅಂಚು ಸೀಳುತ್ತದೆ ಎಂದರು. ‘ಬ್ಯಾಡ್ರಿ, ಮಾಲೀಕರು ಬರೋ ಹೊತ್ತಿಗೆ ಸೀಳಬಾರ್ದು,’ ಎಂದು ನಾನೇ ಹೇಳಿದೆ. ನನಗೂ ಆ ಬಾಗಿಲು ಉಳಿಯಬೇಕಿತ್ತು. ಇಬ್ಬರೂ ಸೇರಿ ಕಾದೆವು, ಅವರು ಆಚೆ, ನಾನು ಈಚೆ.

ಕಾಯುತ್ತಾ ಕಾಯುತ್ತಾ ನಗು ಹೋಯಿತು. ಒಳಗೆ ಡೀಸೆಲ್ಲಿನ ವಾಸನೆ, ಹೊಸ ಮರದ ವಾಸನೆ, ನನ್ನದೇ ಬೆವರು. ಗೋಡೆಗಳು ಒದ್ದೆ. ನಿಂತರೆ ತಲೆ ಚಾವಣಿಗೆ ತಾಗುತ್ತಿತ್ತು, ಕೂತರೆ ಮೊಣಕಾಲು ಚೀಲಕ್ಕೆ. ನಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಬೇರೇನೂ ತಲೆಗೆ ಹೋಗಲಿಲ್ಲ. ಗಾಜಿಗೆ ಕೈ ಬಡಿದೆ. ಬಾಗಿಲು ಬಡಿದೆ.

‘ಗಾಳಿ ಇಲ್ರಿ ಒಳಗ! ಒಡೀರಿ! ಏನಾರ ಆಗ್ಲಿ, ಒಡೀರಿ!’

ಆಚೆಯಿಂದ ಬಂದ ದನಿ ತಗ್ಗಿತ್ತು. ‘ಗಾಳಿ ಎಲ್ಲೋತದೆ, ಇದ್ದೇ ಇರ್ತದೆ. ಒಡುದ್ರೆ ವಾಪಸ್ ರಾಯದುರ್ಗನೇ ಕಣೆ. ನೀನೇ ಯೋಚ್ನೆ ಮಾಡು.’

ಯೋಚನೆ ಮಾಡಿದೆ. ಈ ಬಾಗಿಲು ಒಡೆದರೆ ಆ ಶಟರ್, ಒಡೆಯದಿದ್ದರೆ ಈ ಬಾಗಿಲು. ಉಗುಳಲಾರದ, ನುಂಗಲಾರದ ಬಿಸಿತುಪ್ಪ. ಆದರೆ ನನಗೆ ಅಳು ತಂದದ್ದು ಅದಲ್ಲ. ನಾನು ಗಾಳಿ ಇಲ್ಲ ಎಂದರೆ ಮನುಷ್ಯ ಇದೆ ಅನ್ನುತ್ತಾನಲ್ಲ, ಅದು. ಗಾಜಿನಲ್ಲಿ ನೋಡಿದಾಗಲೂ ಅವರ ಕಣ್ಣು ನನ್ನನ್ನು ದಾಟಿ ಹಿಂದಿದ್ದ ಬಾಗಿಲಿನ ಅಂಚಿಗೇ ಹೋಗಿತ್ತು. ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಹೆದರಿಕೆ ಪಕ್ಕಕ್ಕೆ ಸರಿಯಿತು.

ಬಾಗಿಲನ್ನು ಬಿಟ್ಟು ಅದರ ಪಕ್ಕದ ಹಲಗೆಗಳನ್ನು ನೋಡಿದೆ. ಅವರು ಒಳಗೆ ನಿಂತು ಗೋಡೆ ಹೊಡೆದಿದ್ದರು, ಸ್ಕ್ರೂ ತಲೆಗಳೆಲ್ಲ ನನ್ನ ಕಡೆಗೇ ಇದ್ದವು. ತಪ್ಪು ಹೊಲಿಗೆ ಬಿಚ್ಚುವಾಗ ದಾರ ಮುಗಿದ ಕಡೆಯಿಂದ ಹೊರಡಬೇಕು, ನಡುವೆ ಕೈ ಹಾಕಿದರೆ ಬಟ್ಟೆ ಹರಿಯುತ್ತದೆ. ಗೋಡೆಗೂ ಅದೇ ಲೆಕ್ಕ ಅಂದುಕೊಂಡೆ. ಅವರು ಕೊನೆಗೆ ಕೂರಿಸಿದ ಹಲಗೆ ಯಾವುದೆಂದು ಗೊತ್ತಿತ್ತು, ಅದನ್ನು ಹಿಡಿದುಕೊಂಡು ನಿಂತವಳು ನಾನೇ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಕೈ ಬೆವರಿ ಜಾರುತ್ತಿತ್ತು, ಸೆರಗು ಸುತ್ತಿ ತಿರುಗಿಸಿದೆ. ಅಂಗೈ ಸುಲಿಯಿತು. ಒಂದು ಹಲಗೆ ಸಡಿಲವಾಯಿತು, ನೂಕಿದೆ. ಮುಖಕ್ಕೆ ಮಳೆ ಹೊಡೆಯಿತು. ಬಾಯಿ ತೆರೆದು ನಿಂತೆ.

‘ಏ! ಗೋಡೆ ಯಾಕೆ ಬಿಚ್ತಿದೀಯ?’ ಎಂದು ಅವರು ಓಡಿ ಬಂದರು. ಇನ್ನೊಂದು ಹಲಗೆ ಬಿಚ್ಚಿ ಅಡ್ಡಡ್ಡ ತೂರಿ ಹೊರಬಿದ್ದೆ. ಅವರು ಮೊದಲು ಬೀಳುತ್ತಿದ್ದ ಹಲಗೆಯನ್ನು ಹಿಡಿದರು, ಆಮೇಲೆ ನನ್ನನ್ನು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

ಅಷ್ಟರಲ್ಲಿ ಮಾಲೀಕರು ಕೊಡೆ ಹಿಡಿದು ಬಂದೇಬಿಟ್ಟರು. ಬಾಗಿಲು ಭದ್ರವಾಗಿ ಮುಚ್ಚಿತ್ತು, ಪಕ್ಕದ ಗೋಡೆ ಬಾಯಿ ಬಿಟ್ಟಿತ್ತು. ನೋಡಿ, ನೋಡಿ, ಕೊಡೆ ಅಲ್ಲಾಡುವಷ್ಟು ನಕ್ಕರು.

‘ಎಂತ ಮಾರಾಯ್ರೆ, ಕಳ್ಳ ಬರಬಾರದೆಂದು ಬಾಗಿಲು ಹಾಕಿ, ಹೋಗಿ ಬರಲಿಕ್ಕೆ ಗೋಡೆ ತೆಗೆದಿದ್ದೀರಾ?’ ಬಾಗಿಲಿನ ಅಂಚಿಗೆ ಬೆರಳಿಟ್ಟು ನೋಡಿದರು. ‘ಕೆಲಸ ಒಳ್ಳೆಯದುಂಟು. ಆದರೆ ಸಮುದ್ರದ ಮರಕ್ಕೆ ಉಬ್ಬಲಿಕ್ಕೆ ಜಾಗ ಬಿಡಬೇಕು. ಕೀಸಿ ಸರಿ ಮಾಡಿ. ಆಮೇಲೆ ಪಕ್ಕದ ಬೋಟು ಹಿಡಿಯಿರಿ.’

ಅಂದರೆ ರಾಯದುರ್ಗದ ಬಸ್ಸು ತಪ್ಪಿತು. ಕುಣಿದಾಡಬೇಕಾದ ಮಾತು. ನಾನು ಸುಲಿದ ಅಂಗೈ ಮುಚ್ಚಿಕೊಂಡು ಸುಮ್ಮನೆ ಅಕ್ಕಿ ತೊಳೆಯಲು ಹೋದೆ. ಅವರು ಚೌಕಟ್ಟಿನ ಒಂದು ಬದಿ ಸಡಿಲಿಸಿ ಬಾಗಿಲು ಬಿಡಿಸಿದರು, ಕೀಸುಳಿ ಹಿಡಿದು ಅಂಚುಗಳನ್ನು ಕೀಸಿದರು, ಹಲಗೆಗಳನ್ನು ಮತ್ತೆ ಕೂರಿಸಿದರು, ಗಾಜಿನ ಮೇಲಿನ ಹಲಗೆಯನ್ನೂ ಹೊಡೆದರು. ಅಂದೆಲ್ಲ ನಮ್ಮ ನಡುವೆ ಊಟ ಹಾಕಲಾ, ಹಾಕು ಅನ್ನುವಷ್ಟೇ ಮಾತು.

ಮಾರನೆಯ ದಿನವೂ ಮಳೆ. ಬಾಗಿಲು ಮತ್ತೆ ಕೂತಿತ್ತು. ‘ಒಳಗೋಗಿ ಒಂದ್ಸಲ ನೋಡ್ತೀಯಾ?’ ಎಂದು ಕೇಳಿದರು.

‘ನಾ ಒಲ್ಲೆ,’ ಎಂದೆ.

‘ಸರಿ, ನಾನೇ ಹೋಗ್ತೀನಿ. ಹೊರ್ಗಡೆ ಚಿಲ್ಕ ಹಾಕು. ಎಲ್ಲಿ ಬಿಗಿತದೆ ಅಂತ ಒಳಗಿಂದ ನೋಡ್ಬೇಕು. ಹೇಳಾಗಂಟ ತೆಗೀಬೇಡ.’

ಬಗ್ಗಿ ಒಳಗೆ ಹೋದರು. ನಾನು ಬಾಗಿಲು ನೂಕಿ ಚಿಲಕ ಹಾಕಿ, ಮಳೆಯಲ್ಲೇ ನಿಂತೆ. ಒಳಗೆ ಬೆರಳಿನಿಂದ ಅಂಚು ತಟ್ಟುವುದು ಕೇಳಿಸಿತು, ಮೇಲೆ, ಕೆಳಗೆ. ಆಮೇಲೆ ತಟ್ಟುವುದು ನಿಂತಿತು. ಒಂದು ಅನ್ನ ಬೇಯುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಅಂಗೈಯಿಂದ ಬಡಿದರು.

‘ತೆಗಿಯೇ. ಬೇಗ ತೆಗಿ.’

ತೆಗೆದೆ. ಬಾಗಿಲು ಎಲ್ಲೂ ತಾಗದೆ ಬಂತು. ಅವರು ಅದರ ಕಡೆ ನೋಡಲೂ ಇಲ್ಲ. ಕತ್ತಿನ ಬೆವರು ಒರೆಸುತ್ತಾ ಹೊರಗೆ ಬಂದು, ಮಳೆಗೆ ಮುಖವೊಡ್ಡಿ ದೊಡ್ಡದಾಗಿ ಉಸಿರೆಳೆದುಕೊಂಡರು.

‘ಒಳಗೆ ಗಾಳಿನೇ ಇಲ್ಲ ಕಣೆ,’ ಎಂದರು, ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿಸುವವರ ಹಾಗೆ.