ಪಾಸ್ಟರ್ ಎದ್ದು ಹೋದ ಪರೀಕ್ಷೆ

ಪರೀಕ್ಷೆ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಪರೀಕ್ಷೆ ಬರೆಯುವವರು ನನ್ನ ಮೇಜಿನ ಮೇಲಿಟ್ಟಿದ್ದ ಫೋನುಗಳಲ್ಲೊಂದು ಒಂದೇ ಸಮನೆ ಬಡಿದುಕೊಂಡಿತು. ಅದು ಕಮಲಾಪುರದ ಪಾಸ್ಟರ್ ಶಾಂತಪ್ಪನವರದು. ಅವರು ಎದ್ದು ಬಂದು ಫೋನಿನಲ್ಲಿ ಮಾತಾಡಿ, ಖಾಲಿ ಉತ್ತರಪತ್ರಿಕೆಯನ್ನು ನನ್ನ ಕೈಗಿತ್ತರು.

"ನಮ್ಮ ಚರ್ಚಿನ ಅಜ್ಜಿಯೊಬ್ರು ತೀರ್ಕೊಂಡಾರ್ರಿ ಟೀಚರ್. ನಾ ಹೋಗಬೇಕ್ರಿ, ನಪಾಸಾದ್ರೂ ನಡೀತದ."

ಕಲಬುರಗಿಯ ಸೇಡಂ ರಸ್ತೆಯ ಚರ್ಚ್ ಹಾಲಿನಲ್ಲಿ ಶನಿವಾರಕ್ಕೊಮ್ಮೆ ನಡೆಯುವ ತರಗತಿ ಅದು. ತಮ್ಮೂರಿನ ಸೇವೆ ಬಿಟ್ಟು ವರ್ಷಗಟ್ಟಲೆ ಸೆಮಿನರಿಯಲ್ಲಿ ಕೂರಲಾಗದ ಪಾಸ್ಟರ್‌ಗಳು ಅಲ್ಲಿ ದೇವಶಾಸ್ತ್ರ ಕಲಿಯುತ್ತಾರೆ. ನಿವೃತ್ತ ಶಿಕ್ಷಕಿಯಾದ ನಾನು ಪರೀಕ್ಷೆ ಕಾಯಲು ಹೋಗಿದ್ದೆ. ಎದ್ದು ಹೋದವರಿಗೆ ಸೊನ್ನೆ ಹಾಕಿಯೇ ಅಭ್ಯಾಸ, ಪೆನ್ನು ತೆಗೆದೆ. ಪಾಠ ಮಾಡುವ ಹಿರಿಯ ಗುರುಗಳು ತಡೆದರು: "ಹಾಕಬ್ಯಾಡ್ರಿ. ಇಂಥಾ ಕೆಲಸ ಬಿಡಬಾರದಂತನೇ ಈ ಕ್ಲಾಸ್ ಇಟ್ಟೀವಿ."

ಮುಂದಿನ ಶನಿವಾರ ಶಾಂತಪ್ಪನವರಿಗೆ ಅದೇ ಪ್ರಶ್ನೆಪತ್ರಿಕೆ ಕೊಟ್ಟೆವು. 'ಸಾವಿನ ಮನೆಯಲ್ಲಿ ಪಾಸ್ಟರ್ ಏನು ಹೇಳಬೇಕು?' ಎಂಬುದು ಮೊದಲ ಪ್ರಶ್ನೆ. ಅವರ ಉತ್ತರ ಒಂದೇ ಸಾಲು: 'ಮೊದಲು ಹೋಗಬೇಕು, ಮಾತು ಆಮೇಲೆ.'

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಬರೆಯುವ ಮೊದಲೇ ಮಾಡಿ ತೋರಿಸಿದ ಉತ್ತರ ಕಂಡದ್ದು ಅದೊಂದೇ.