ಜೋಡಿಯಿಲ್ಲದ ಗ್ಲೌಸ್

ಗುರುವಾರ ಬೆಳಿಗ್ಗೆ ಅಳತೆಯಣ್ಣ ಪುಟ್ಟದೊಂದು ಕರಿ ಬೂಟಿನೊಳಗೆ ಕೈ ತೂರಿಸಿ, ಬೆರಳ ತುದಿಯಿಂದ ತಳವನ್ನೆಲ್ಲ ಸವರಿ ನೋಡಿದರು. ಮೊಳೆಯ ತಲೆ ಎದ್ದಿದೆಯೇ, ಹೊಲಿಗೆಯ ಗಂಟು ಒತ್ತುತ್ತದೆಯೇ ಎಂದು ಹೀಗೆ ನೋಡದೆ ಅವರು ಯಾವ ಗಿರಾಕಿಯ ಕಾಲಿಗೂ ಏನನ್ನೂ ತೊಡಿಸುವುದಿಲ್ಲ. ಆ ಚಪ್ಪಲಿ ಅಂಗಡಿಯ ಮಕ್ಕಳ ವಿಭಾಗದಲ್ಲಿ ಅವರದು ಮೂವತ್ತೊಂದು ವರ್ಷದ ಕೆಲಸ. ಹೆತ್ತವರು ಇಟ್ಟ ಹೆಸರು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

“ಒಂದು ಸೈಜು ದೊಡ್ಡದೇ ಕೊಟ್ಬಿಡಿ, ಮುಂದಿನ ವರ್ಷಕ್ಕೂ ಆಗುತ್ತೆ,” ಎಂದರು ಮಗುವಿನ ತಾಯಿ.

“ಮುಂದಿನ ವರ್ಷದ ಕಾಲು ಮುಂದಿನ ವರ್ಷ ಬರುತ್ತಮ್ಮ. ಈಗ ಬಂದಿರೋ ಕಾಲಿಗೆ ಕೊಡ್ತೀನಿ.”

ಈ ಮಾತನ್ನು ಅವರು ದಿನಕ್ಕೆ ಹತ್ತು ಸಲವಾದರೂ ಆಡುತ್ತಾರೆ. ತಿರುಗಿ ಮಾತಾಡಿದವರು ಕಡಿಮೆ.

ಅಂದು ಮಧ್ಯಾಹ್ನದ ಮೇಲೆ ಅವರಿಗೆ ರಜೆ. ತಂಗಿಯ ಮಗಳಿಗೆ ಬೇಸ್‌ಬಾಲ್ ಗ್ಲೌಸ್ ಕೊಡಿಸಬೇಕಿತ್ತು. ಎಂಟು ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಗಿಣಿ ಎನ್ನುತ್ತಾರೆ. ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿಲ್ಲ. ಶನಿವಾರ ಶಾಲೆಯ ಕಿರಿಯರ ತಂಡಕ್ಕೆ ಆಯ್ಕೆ. ಪಿಟಿ ಮೇಷ್ಟ್ರು ಒಬ್ಬೊಬ್ಬರಿಗೂ ಹತ್ತು ಚೆಂಡು ಎಸೆಯುತ್ತಾರೆ. ಮೂರು ಹಿಡಿದರೆ ತಂಡಕ್ಕೆ, ಇಲ್ಲದಿದ್ದರೆ ಇನ್ನೊಂದು ವರ್ಷ ಬೇಲಿಯಾಚೆ ನಿಂತು ಚಪ್ಪಾಳೆ. ಗ್ಲೌಸ್ ಅವರವರದೇ ಆಗಿರಬೇಕು. ಒಂದು ವಾರದಿಂದ ಗಿಣಿ ಬಿಸಿ ಪಾತ್ರೆ ಇಳಿಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಆಲೂಗಡ್ಡೆ ಹಿಡಿಯುತ್ತಿದ್ದಳು. ಕಿಟಕಿಯ ಒಂದು ಗಾಜು ಹೋಗಿತ್ತು.

“ಅಣ್ಣ, ಚೆಂಡು ಬಂತು ಅಂದ್ರೆ ಬೆನ್ನು ತಿರುಗಿಸ್ತಿದ್ದೋನು ನೀನು. ನಿಂಗ್ಯಾಕೆ ಈ ಉಸಾಬರಿ?” ಎಂದಿದ್ದಳು ತಂಗಿ.

“ಚರ್ಮ ಅಂದ್ರೆ ಚರ್ಮ. ಕಾಲಿಗೆ ಹಾಕಿದ್ರೇನು, ಕೈಗೆ ಹಾಕಿದ್ರೇನು? ನಂಗೆ ಹೇಳಿಕೊಡೋಕೆ ಬಂದ್ಬಿಟ್ಳು!”

ಆಟದ ಸಾಮಾನಿನ ಅಂಗಡಿ ಚಪ್ಪಲಿ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ. ಕೌಂಟರಿನಲ್ಲಿದ್ದ ಯುವತಿ ಗಿಣಿಯಿಂದ ಶನಿವಾರದ ಕಥೆಯನ್ನೆಲ್ಲ ಕೇಳಿ, ಅವಳ ಕೈ ನೋಡಿ ಕಂದು ಬಣ್ಣದ ಗ್ಲೌಸೊಂದನ್ನು ತೆಗೆದಿಟ್ಟಳು. ಅಳತೆಯಣ್ಣ ಜೇಬಿನಿಂದ ಟೇಪು ತೆಗೆದು, ಹುಡುಗಿಯ ಅಂಗೈಯನ್ನು ಮೂರು ಕಡೆ ಅಳೆದು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು.

“ಸರಿ. ಇನ್ನೊಂದು?”

“ಇನ್ನೊಂದು ಯಾವ್ದು ಸರ್?”

“ಇದರ ಜೋಡಿ.”

“ಇದು ಒಂದೇ ಬರೋದು ಸರ್.”

ಅಳತೆಯಣ್ಣನ ಲೋಕದಲ್ಲಿ ಒಂಟಿ ಎಂದರೆ ಕಳೆದುಹೋಗಿದೆ ಎಂದೇ ಅರ್ಥ. ಅವರು ದನಿ ತಗ್ಗಿಸಿದರು. “ಗೋಡೌನಲ್ಲಿ ನೋಡಮ್ಮ, ಡಬ್ಬಿ ಅದಲುಬದಲಾಗಿರುತ್ತೆ. ನಮ್ಮಲ್ಲೂ ಆಗುತ್ತೆ. ನಾನು ಯಾರಿಗೂ ಹೇಳಲ್ಲ.”

“ಮಾಮ, ಒಂದೇ ಸಾಕು! ಈ ಕೈಲಿ ಹಿಡಿಯೋದು, ಆ ಕೈಲಿ ಎಸೆಯೋದು,” ಎಂದು ಗಿಣಿ ಎಡಗೈಗೆ ಗ್ಲೌಸ್ ಏರಿಸಿದಳು.

“ಎಡಗೈಗ್ಯಾಕೆ ಹಾಕ್ಕೋತೀಯ? ನೀನು ಬರೆಯೋದು ಬಲಗೈಲಿ ತಾನೇ?”

“ಚೆಂಡಿನ ಮೇಲೆ ಬರೀಬೇಕಾ ಮಾಮ?”

ಯುವತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಳತೆಯಣ್ಣ ಜಗ್ಗಲಿಲ್ಲ. ಗ್ಲೌಸ್ ಹಾಕಿಕೊಂಡೇ ಬಾಗಿಲವರೆಗೆ ನಡೆದು ಬಾ ಎಂದರು. ಗಿಣಿ ನಡೆದು ಬಂದಳು. ಕಿರುಬೆರಳು ಕಚ್ಚುತ್ತದೆಯೇ ಎಂದರು, ಇಲ್ಲ ಎಂದಳು. ಆಮೇಲೆ ಅವರು ಹೇಳಿದ್ದು, ಅವರ ಬಾಯಿಂದ ಎಂದೂ ಬರಬಾರದ ಮಾತು.

“ಒಂದು ಸೈಜು ದೊಡ್ಡದೇ ಕೊಟ್ಬಿಡಮ್ಮ. ಮುಂದಿನ ವರ್ಷಕ್ಕೂ ಆಗಲಿ.”

“ಶನಿವಾರ ಹಿಡಿಯೋದು ಈ ಕೈಲಿ ತಾನೇ ಸರ್? ಕೈ ಬೆಳೀಲಿ, ಆಗ ಬನ್ನಿ,” ಎಂದಳು ಯುವತಿ.

ಅಳತೆಯಣ್ಣನ ಕಿವಿ ಕೆಂಪಾಯಿತು. ಆದರೂ ದೊಡ್ಡದನ್ನು ತರಿಸಿದರು. ಯುವತಿ ಒಂದು ಚೆಂಡನ್ನು ಮೆಲ್ಲಗೆ ಎಸೆದಳು. ಚೆಂಡು, ಗ್ಲೌಸ್ ಎರಡೂ ಒಟ್ಟಿಗೇ ಹಾರಿ ಈಜುಕನ್ನಡಕಗಳ ಗೂಡಿನೊಳಗೆ ಬಿದ್ದವು. ಚಿಕ್ಕದನ್ನು ಹಾಕಿಸಿ ಮತ್ತೆ ಎಸೆದಳು. ಗಿಣಿ ಹಿಡಿದಳು. ಹಿಡಿದದ್ದು ತಾನೇ ಎಂದು ನಂಬಲಾಗದೆ ಒಂದು ಕ್ಷಣ ಅವಳ ಬಾಯೂ ನಿಂತಿತು.

“ಇದೇ ಇರಲಿ,” ಎಂದರು ಅಳತೆಯಣ್ಣ. ಕಟ್ಟಲು ಕೊಡುವ ಮೊದಲು, ಮೂವತ್ತೊಂದು ವರ್ಷದ ರೂಢಿಯಂತೆ, ಮೊಳೆ ಇದೆಯೇ ನೋಡಲು ಕೈಯನ್ನು ಒಳಕ್ಕೆ ತೂರಿಸಿದರು.

ಎಂಟು ವರ್ಷದ ಮಗುವಿನ ಗ್ಲೌಸ್, ಹೊಸ ಚರ್ಮ. ಹೋಗುವಾಗ ಹೋದ ಕೈ ಬರುವಾಗ ಬರಲಿಲ್ಲ.

“ಏನಾಯ್ತು ಮಾಮ?”

“ಏನಿಲ್ಲ. ಹೊಲಿಗೆ ನೋಡ್ತಿದ್ದೀನಿ.”

ಐದು ನಿಮಿಷವಾದರೂ ಹೊಲಿಗೆ ನೋಡಿ ಮುಗಿಯಲಿಲ್ಲ. ಯುವತಿ ಗ್ಲೌಸ್ ಹಿಡಿದು ಜಗ್ಗಿದಳು. ಗಿಣಿ ಹಿಂದಿನಿಂದ ಮಾಮನ ಸೊಂಟ ತಬ್ಬಿ ಎಳೆದಳು. ಸೊಂಟ ಬಂತು, ಕೈ ಬರಲಿಲ್ಲ.

“ಈ ಚರ್ಮದ ದಾರ ಕತ್ತರಿಸಿಬಿಡ್ಲಾ ಸರ್?”

“ಬೇಡಾ!” ಎಂದು ಗಿಣಿ ಚೀರಿದಳು. “ಶನಿವಾರ ನಾನೇನು ಮಾಡ್ಲಿ?”

“ಮತ್ತೆ ನನ್ನ ಕೈ?”

“ಅದರ ಜೋಡಿ ಇದೆಯಲ್ಲ ಮಾಮ.”

ಬಿಗಿ ಬೂಟಿನೊಳಗೆ ಹಿಮ್ಮಡಿ ಜಾರಿಸುವ ಶೂ ಹಾರ್ನ್ ಇದೆಯೇ ಎಂದು ಅಳತೆಯಣ್ಣ ಕೇಳಿದರು. ಆಟದ ಸಾಮಾನಿನ ಅಂಗಡಿಯಲ್ಲಿ ಅದೆಲ್ಲಿಂದ ಬರಬೇಕು? ಹೀಗಾಗಿ ಮೂವರೂ ರಸ್ತೆಗಿಳಿದರು: ಮುಂದೆ ಎಡಗೈಯನ್ನು ಮೇಲೆತ್ತಿಕೊಂಡ ಅಳತೆಯಣ್ಣ, ಹಿಂದೆ ಕಣ್ಣನ್ನು ಗ್ಲೌಸಿನಿಂದ ಕದಲಿಸದ ಗಿಣಿ, ಅವಳ ಹಿಂದೆ ಬಿಲ್ ಪುಸ್ತಕ ಹಿಡಿದ ಯುವತಿ.

ಚಪ್ಪಲಿ ಅಂಗಡಿಯ ಮಾಲೀಕರು ಅಳತೆಯಣ್ಣನನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದರು. ಆ ಕುರ್ಚಿಯ ಮುಂದೆ ಮೊಣಕಾಲೂರಿ ಬದುಕು ಸವೆಸಿದವರು ಅದರ ಮೇಲೆ ಕೂತದ್ದು ಅದೇ ಮೊದಲು. ಮಾಲೀಕರು ಪೌಡರ್ ಡಬ್ಬಿ, ಶೂ ಹಾರ್ನ್ ಹಿಡಿದು ಎದುರು ಮೊಣಕಾಲೂರಿದರು.

“ಎಲ್ಲಿ ಕಚ್ಚುತ್ತೆ ಅಳತೆಯಣ್ಣ?”

“ಹೆಬ್ಬೆರಳ ಬುಡದಲ್ಲಿ.”

“ಸ್ವಲ್ಪ ನಡೆದು ತೋರಿಸ್ತೀರಾ?”

“ನಿಮಗೆ ತಮಾಷೆ. ನನಗೆ ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ.”

“ಅಮ್ಮ, ಆ ಅಂಕಲ್ ಕೈಗೆ ಶೂ ಹಾಕ್ಕೊಂಡಿದ್ದಾರೆ,” ಎಂದಿತು ಪಕ್ಕದ ಕುರ್ಚಿಯ ಮಗು.

ಎಲ್ಲರೂ ನಕ್ಕರು, ಗಿಣಿಯೊಬ್ಬಳನ್ನು ಬಿಟ್ಟು. ಅವಳು ಹೊಲಿಗೆಗಳನ್ನೇ ನೋಡುತ್ತ ಉಗುರು ಕಚ್ಚುತ್ತಿದ್ದಳು. ಅರ್ಧ ಡಬ್ಬಿ ಪೌಡರ್ ಖಾಲಿಯಾದ ಮೇಲೆ ಗ್ಲೌಸ್ ಫಟ್ಟನೆ ಕಳಚಿ ಮಾಲೀಕರ ಎದೆಗೆ ಬಡಿಯಿತು. ಕಿರುಬೆರಳಿನ ಕಡೆ ಎರಡು ಹೊಲಿಗೆ ಬಿಟ್ಟಿದ್ದವು. ಗಿಣಿಯ ಕಣ್ಣು ತುಂಬಿ ಬಂತು.

ಅಳತೆಯಣ್ಣ ರಿಪೇರಿ ಮೂಲೆಗೆ ಹೋಗಿ, ಮೇಣ ತಿಕ್ಕಿದ ದಾರ ಪೋಣಿಸಿ, ಬಾತ ಕೈಯಲ್ಲಿ ಗ್ಲೌಸ್ ಒತ್ತಿಹಿಡಿದು ಎರಡರ ಜಾಗದಲ್ಲಿ ನಾಲ್ಕು ಹೊಲಿಗೆ ಹಾಕಿದರು. ಮುಗಿದ ಮೇಲೆ ಬೆರಳು ತಾನಾಗಿ ಗ್ಲೌಸಿನ ಬಾಯಿಯ ಕಡೆ ಹೊರಟಿತು. ತಡೆದು, ಗಿಣಿಗೆ ಕೊಟ್ಟರು.

“ನೀನೇ ನೋಡು. ಗಂಟು ಒತ್ತುತ್ತಾ?”

“ಇಲ್ಲ ಮಾಮ. ಪೌಡರ್ ವಾಸನೆ ಬರುತ್ತೆ ಅಷ್ಟೇ.”

ಶನಿವಾರ ಅವಳು ಮೊದಲ ಆರು ಚೆಂಡು ಬಿಟ್ಟಳು. ಪ್ರತಿ ಸಲವೂ ಗ್ಲೌಸಿನಿಂದ ಬಿಳಿ ಹೊಗೆ ಎದ್ದಿತು. ಏಳು, ಎಂಟು ಹಿಡಿದಳು. ಒಂಬತ್ತನೆಯದು ಕಿವಿಯ ಪಕ್ಕ ಹಾದುಹೋಯಿತು. ಹತ್ತನೆಯದು ಗ್ಲೌಸಿಗೆ ಬಿದ್ದು, ಪುಟಿದು, ಗದ್ದಕ್ಕೆ ತಾಗಿ, ಮತ್ತೆ ಗ್ಲೌಸಿಗೇ ಬಂದು ಕೂತಿತು. ಇದನ್ನು ಹಿಡಿದದ್ದೆಂದು ಎಣಿಸಬೇಕೇ ಎಂದು ಮೇಷ್ಟ್ರು ಯೋಚಿಸಿದರು. ಬೇಲಿಯಾಚೆ ಬ್ಯಾಂಡೇಜು ಸುತ್ತಿದ ಕೈಯೊಂದು ಅಷ್ಟರಲ್ಲೇ ಚಪ್ಪಾಳೆ ಶುರುಮಾಡಿತ್ತು. ಮೇಷ್ಟ್ರು ಹತ್ತನೆಯದನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಮೂರು ಎಂದರು.

ಅಭ್ಯಾಸ ಮಂಗಳವಾರದಿಂದ, ಬೆಳಿಗ್ಗೆ ಏಳು ಗಂಟೆಗೆ. ಚಪ್ಪಲಿ ಅಂಗಡಿ ತೆರೆಯುವುದು ಹತ್ತಕ್ಕೆ. ಗಿಣಿಯನ್ನು ಮೈದಾನಕ್ಕೆ ಕರೆದೊಯ್ಯುವವರು ಅಳತೆಯಣ್ಣ.