ದಸ್ತಗೀರನ ದಮ್ಮು

ನಾನು ಸುಳ್ಳು ಹೇಳಿದೆ. ಹೇಳಿದೆನೋ, ಇಲ್ಲ, ನಿಜವನ್ನೇ ಸುಳ್ಳಾಗುವ ಹಾಗೆ ಹೇಳಿ ಸುಮ್ಮನಾದೆನೋ — ಮೂರು ವರ್ಷದಿಂದ ಈ ಎರಡರ ನಡುವಿನ ಕೂದಲು ಸೀಳುತ್ತ ಕೂತಿದ್ದೇನೆ. ಸಾಕು. ದಸ್ತಗೀರನಿಗೆ ಸಿಕ್ಕಿದ್ದ ಜಾಗವನ್ನು ನಾನು ಕಸಿದುಕೊಂಡೆ, ಒಂದೇ ಒಂದು ಮಾತಿನಿಂದ. ಆ ಮಾತು ಅವನ ಗುಡ್ಡವನ್ನಷ್ಟೇ ಅಲ್ಲ, ಆಮೇಲೆ ಅವನ ಕೆಲಸವನ್ನೂ ತಿಂದಿತು.

ನಾನು ಆಳಂದದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಓದಿ ಕಲಿತದ್ದು ಒಂದೇ ವಿದ್ಯೆ — ಯಾವುದನ್ನೂ ಸುಲಭಕ್ಕೆ ನಂಬದಿರುವುದು. ದೇವರನ್ನಾಗಲಿ, ಪತ್ರಿಕೆಯನ್ನಾಗಲಿ, ನನ್ನ ನೆನಪನ್ನಾಗಲಿ. ದಸ್ತಗೀರ ಇಲ್ಲಿನ ತೊಗರಿ ಬಜಾರಿನಲ್ಲಿ ಹಮಾಲ. ಅಫಜಲಪುರ ತಾಲೂಕಿನ ಅತನೂರಿನವನು. ಚೀಲದ ಮೇಲೆ ಚೀಲ ಒಟ್ಟಿ ಗೋದಾಮಿನ ತೊಲೆ ಮುಟ್ಟುವ ಹಾಗೆ ಎಬ್ಬಿಸಿದ ರಾಶಿಗೆ ಇಲ್ಲಿ ಥಪ್ಪಿ ಎನ್ನುತ್ತಾರೆ. ಹೊರೆ ಹೊತ್ತು ಥಪ್ಪಿಯ ನೆತ್ತಿಯ ತನಕ ಏರುವವನಿಗೆ ಹಮಾಲರ ಟೋಳಿಯಲ್ಲಿ ಒಂದು ಮರ್ಯಾದೆ ಇದೆ. ಆ ಮರ್ಯಾದೆ ದಸ್ತಗೀರನದಾಗಿತ್ತು.

ಬೆಂಗಳೂರು ಕಡೆಯ ಒಂದು ಚಾರಣ ಕೂಟ ಆ ವರ್ಷ ಪಂಥವೊಂದನ್ನು ಏರ್ಪಡಿಸಿತ್ತು — ಸಹ್ಯಾದ್ರಿಯಲ್ಲಿ ಮೂರು ಹಗಲು, ಏಳು ಗುಡ್ಡ. ಬೆನ್ನಿಗೆ ತಮ್ಮ ಹೊರೆ ಕಟ್ಟಿಕೊಂಡೇ ಹತ್ತಬೇಕು, ಹೊತ್ತುಕೊಂಡೇ ಇಳಿಯಬೇಕು. ‘ಗುಡ್ಡವೇ ಇಲ್ಲದ ಸೀಮೆಯಿಂದಲೂ ಒಬ್ಬರನ್ನು’ ಕರೆದೊಯ್ಯುವುದಾಗಿ ಸಾರಿದ್ದರು. ಆ ಕನಿಕರ ಓದಿ ನನ್ನ ಮೈ ಉರಿಯಿತು. ಗುಡ್ಡವೇ ಇಲ್ಲದವರು! ನೆಲ ಚಪ್ಪಟೆಯಾದರೆ ಮನುಷ್ಯರೂ ಚಪ್ಪಟೆಯೇ? ತೋರಿಸುತ್ತೇನೆ ಎಂದು ಹೆಸರು ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು — ತಾಲೀಮು ಮಾಡುವುದೆಲ್ಲಿ? ಈ ಕಡೆಯಿಂದ ಆ ಕಡೆಯ ತನಕ ಕಪ್ಪು ನೆಲ, ತೊಗರಿ, ಜೋಳ.

ಬಜಾರಿನ ಚಹಾದ ಅಂಗಡಿಯಲ್ಲಿ ಇದನ್ನು ಹೇಳಿಕೊಂಡಾಗ ಪಕ್ಕದಲ್ಲಿ ಕೂತಿದ್ದ ದಸ್ತಗೀರ ನಕ್ಕ.

“ನಾ ದಿನಾ ಹತ್ತಾಕತ್ತೇನಲ್ರಿ ಸರ. ನಮ್ಮ ಗುಡ್ಡ ಸಂಜೀಕ ಲಾರ್‍ಯಾಗ ಹೋಗಿಬಿಡ್ತದ, ಅಷ್ಟ.”

ಹಾಗೆ ಶುರುವಾಯಿತು. ಪ್ರತಿ ರವಿವಾರ ಅತನೂರಿಗೆ ಹೋಗುತ್ತಿದ್ದೆವು. ಊರಿಗೆ ನೀರು ಬಿಡುವವನು ಅವನ ಮಾವ. ಎತ್ತರದ ನೀರಿನ ಟಾಕಿಯ ಮೆಟ್ಟಿಲು ನಮ್ಮ ಗುಡ್ಡವಾಯಿತು. ಅರ್ಧ ಚೀಲ ತೊಗರಿಯನ್ನು ಬೆನ್ನಿಗೆ ಬಿಗಿದುಕೊಂಡು ಏರುವುದು. ತುದಿಯಲ್ಲಿ ಚೀಲವನ್ನು ಹಗ್ಗದಿಂದ ಕೆಳಗಿಳಿಸಿ, ಖಾಲಿ ಬೆನ್ನಿನಿಂದ ಇಳಿದು ಬಂದು ಮತ್ತೆ ಏರುವುದು. ಕೆಳಗೆ ಹೆಂಗಸರು ಕೊಡ ಇಟ್ಟುಕೊಂಡು ನಗುತ್ತಿದ್ದರು. ಮಾಸ್ತರರಿಗೆ ಕಾಲೇಜಿನಲ್ಲಿ ಕೆಲಸ ಕಡಿಮೆ ಎಂದು ಒಬ್ಬಾಕೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಮೊದಲ ದಿನ ನಾನು ಎರಡನೆಯ ಸುತ್ತಿಗೇ ನಡುವೆ ನಿಂತುಬಿಟ್ಟೆ. ದಸ್ತಗೀರ ಮೇಲಿನಿಂದ ಬಗ್ಗಿ ಹೇಳಿದ.

“ನಡುವ ನಿಂದರಬ್ಯಾಡ್ರಿ ಸರ. ನಿಂತ್ರ ಚೀಲ ಭಾರ ಆಗ್ತದ.”

ಉಸಿರನ್ನು ಯಾವ ಹೆಜ್ಜೆಗೆ ಬಿಡಬೇಕು, ಮಂಡಿಗೆ ಎಷ್ಟು ಕೊಡಬೇಕು, ತುದಿಯನ್ನು ನೋಡದೆ ಮುಂದಿನ ಒಂದು ಮೆಟ್ಟಿಲನ್ನಷ್ಟೇ ಹೇಗೆ ನೋಡಬೇಕು — ಎಲ್ಲ ಅವನು ಕಲಿಸಿದ್ದು. ಕಲಿಸುತ್ತ ಕಲಿಸುತ್ತ ಅವನಿಗೂ ಆಸೆ ಹತ್ತಿತು. ಒಂದು ಮುಂಜಾನೆ ಟಾಕಿಯ ತುದಿಯಲ್ಲಿ ಕೂತು, ದೂರದ ಬಯಲು ನೋಡುತ್ತ, ತನ್ನ ಹೆಸರನ್ನೂ ಕೊಡಲು ಬರುತ್ತದೆಯೇ ಎಂದು ಕೇಳಿದ. ಯಾಕೆ ಎಂದೆ.

“ಬುದ್ಧಿ ಬಂದಾಗಿಂದ ಇನ್ನೊಬ್ರ ಚೀಲ ಹೊತ್ತೇ ಏರೇನ್ರಿ. ಒಮ್ಮೆ ನನ್ನ ಸಲುವಾಗಿ ಏರಬೇಕು. ಮ್ಯಾಲ ಹೋಗಿ ಯಾರ ಮಾಲೂ ಇಳಸಬಾರದು.”

ಅವನ ಹೆಸರನ್ನು ನಾನೇ ಬರೆದು ಕಳಿಸಿದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಕಳಿಸುವಾಗ ಅವನು ಗೆಲ್ಲುತ್ತಾನೆ ಎಂದು ನನಗೆ ಅನ್ನಿಸಿರಲಿಲ್ಲ — ಕಾಲಿಗೆ ರಬ್ಬರಿನ ಚಪ್ಪಲಿ, ಓದಿದ್ದು ನಾಲ್ಕನೇ ಇಯತ್ತೆ. ಪರೀಕ್ಷೆಗೆ ಕೂಟದವರು ಆಳಂದಕ್ಕೇ ಬಂದರು. ಹೊರೆ ಕಟ್ಟಿ ಮೆಟ್ಟಿಲು ಹತ್ತಿಸಿದರು. ದಸ್ತಗೀರ ಮುಗಿಸಿ, ಮುಖ ತೊಳೆದು, ಎಲೆ ಅಡಿಕೆ ಹಾಕಿಕೊಂಡ ಮೇಲೆ ನಾನು ಬಂದು ಮುಟ್ಟಿದೆ. ಉಳಿದವರು ನನಗಿಂತ ಹಿಂದೆ.

ಎಂಟು ದಿನದ ಮೇಲೆ ಕೂಟದ ಹೆಣ್ಣುಮಗಳೊಬ್ಬರು ನನಗೆ ಫೋನು ಮಾಡಿದರು. ಕಾಲೇಜಿನ ವರಾಂಡ, ಮಧ್ಯಾಹ್ನ. ಇರುವುದು ಒಂದೇ ಜಾಗ, ದಸ್ತಗೀರರನ್ನು ಆರಿಸಿದ್ದೇವೆ, ಅವರ ಫೋನು ಹತ್ತುತ್ತಿಲ್ಲ, ನೀವು ಜೊತೆಗೆ ತಾಲೀಮು ಮಾಡಿದವರಲ್ಲವೇ, ಅವರ ಆರೋಗ್ಯ ಹೇಗಿದೆ ಹೇಳಿ ಎಂದರು. ನಾನು ಹೇಳಿದೆ:

“ಅವನಿಗಿ ದಮ್ಮ ಭಾಳ ಅದ್ರಿ.”

ನಮ್ಮ ಬಜಾರಿನಲ್ಲಿ ಈ ಮಾತು ಹೊಗಳಿಕೆ. ದಮ್ಮೆಂದರೆ ಕಸುವು, ಎದೆಗಾರಿಕೆ. ಥಪ್ಪಿ ಏರಿದವನ ಬೆನ್ನು ತಟ್ಟಿ ಹೇಳುವ ಮಾತು. ಆದರೆ ಆ ಹೆಣ್ಣುಮಗಳ ಕಡೆ ದಮ್ಮೆಂದರೆ ಒಂದೇ — ಉಸಿರು ಕಟ್ಟುವ ರೋಗ.

“ಅಯ್ಯೋ, ದಮ್ಮು ಇದೆಯಾ? ಹಾಗಾದರೆ ಅವರನ್ನು ಕರೆದೊಯ್ಯೋಕ್ಕಾಗಲ್ಲ. ನೀವೇ ಬರ್ತೀರಾ?”

ಒಂದು ಮಾತು ಸಾಕಿತ್ತು. ರೋಗವಲ್ಲ, ಶಕ್ತಿ ಎಂದರೆ ಮುಗಿಯುತ್ತಿತ್ತು. ವರಾಂಡದ ಆಚೆ ಯಾರೋ ಸೈಕಲ್ಲು ಒರಗಿಸುತ್ತಿದ್ದರು — ಅದು ನೆನಪಿದೆ. ಅಥವಾ ಆಮೇಲೆ ನಾನು ಸೇರಿಸಿದ್ದೋ. ನೆನಪಿನಲ್ಲಿ ಏನು ಬೇಕಾದರೂ ಅಲುಗಾಡಲಿ, ಇದೊಂದು ಅಲುಗಾಡುವುದಿಲ್ಲ: ನಾನು “ಹೂಂ ರಿ” ಎಂದೆ.

ಆಮೇಲೆ ಆದದ್ದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ — ಎಲ್ಲರ ಮೇಲೂ, ಕೊನೆಗೆ ನನ್ನ ಮೇಲೆ. ಕೂಟದವರು ದಸ್ತಗೀರನ ಫೋನಿಗೆ ಸಂದೇಶ ಕಳಿಸಿದರು: ದಮ್ಮಿನ ತೊಂದರೆ ಇರುವುದರಿಂದ ತಮ್ಮನ್ನು ಸೇರಿಸಿಕೊಳ್ಳಲಾಗದು, ಆರೋಗ್ಯ ನೋಡಿಕೊಳ್ಳಿ. ಅವನು ಅದನ್ನು ಟೋಳಿಯಲ್ಲೇ ಓದಿಸಿದ. ಟೋಳಿಯ ಮುಖ್ಯಸ್ಥ, ಮುಕಾದಮ ಶರಣಪ್ಪ, ಮರುದಿನದಿಂದಲೇ ಅವನನ್ನು ಥಪ್ಪಿಯಿಂದ ಇಳಿಸಿದ. ಮೇಲೆ ಉಸಿರು ಕಟ್ಟಿ ಬಿದ್ದರೆ ಯಾರು ಜವಾಬ್ದಾರರು ಎಂದ. ಹದಿನಾರು ವರ್ಷ ಕಣ್ಣೆದುರು ಏರಿದವನ ಎದೆಯನ್ನು ನಂಬಲಿಲ್ಲ. ಎಲ್ಲಿಯವರೋ ಕಳಿಸಿದ ಎರಡು ಸಾಲು ನಂಬಿದ. ಇಲ್ಲಿನ ವೈದ್ಯರು ಎದೆ ಸ್ವಚ್ಛವಾಗಿದೆ ಎಂದರೂ ಕೇಳಲಿಲ್ಲ, ದೊಡ್ಡ ಊರಿನವರು ಸುಮ್ಮನೆ ಬರೆಯುತ್ತಾರೆಯೇ ಎಂದ. ತೊಗರಿಯ ಧೂಳಿನಲ್ಲಿ ಎಲ್ಲರೂ ಕೆಮ್ಮುತ್ತಾರೆ. ಅಂದಿನಿಂದ ದಸ್ತಗೀರ ಕೆಮ್ಮಿದರೆ ಮಾತ್ರ ಎಲ್ಲರೂ ತಿರುಗಿ ನೋಡತೊಡಗಿದರು. ಈಗ ಅವನು ತಕ್ಕಡಿಯ ಪಕ್ಕದಲ್ಲಿ ಕೂತು ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಾನೆ — ಮುಪ್ಪಾದವರಿಗೆ, ಕೈಕಾಲು ಮುರಿದವರಿಗೆ ಕೊಡುವ ಕೆಲಸ.

ಅವನು ನನ್ನ ಹತ್ತಿರ ಬಂದ. ಓದಿದವರು, ಸ್ವಲ್ಪ ಕೇಳಿ ನೋಡಿ ಎಂದ. ಯಾರದೋ ತಪ್ಪು ತಿಳಿವಳಿಕೆ ಇರಬೇಕು, ಅರ್ಜಿ ಅದಲುಬದಲಾಗಿರಬೇಕು ಎಂದೆ. ಅವನು ತಲೆ ತಗ್ಗಿಸಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ.

“ನನಗ ಗೊತ್ತಿಲ್ಲದಂಗ ಒಳಗ ಇರಬಹುದೇನ್ರಿ ಸರ?”

ಸಂಶಯ ನನ್ನ ಕಸುಬು. ಅದನ್ನು ನಾನು ಈ ಮನುಷ್ಯನ ಉಸಿರಿನೊಳಗೆ ಇಟ್ಟೆ. ಹಾಗಿರಲಾರದು ಎಂದು ಗಟ್ಟಿಯಾಗಿ ಹೇಳುವ ಬದಲು — ಹೇಳಲು ಬರುವುದಿಲ್ಲ ಎಂದೆ.

ಆಮೇಲೆ ನಾನು ಗುಡ್ಡಕ್ಕೆ ಹೋದೆ. ಹೊಸ ಬೂಟು ಹಾಕಿಕೊಂಡು ಹೋದೆ. ಮೊದಲ ಏರು ಅವನು ಕಲಿಸಿದ ಹಾಗೇ ಏರಿದೆ, ಹಲವರಿಗಿಂತ ಮುಂದೆ. ಇಳಿಯುವಾಗ ಮಂಡಿ ನಡುಗಿತು. ಎರಡನೆಯ ಇಳಿಜಾರಿನಲ್ಲಿ ಹೊರೆ ಹಿಂದಿನಿಂದ ನೂಕತೊಡಗಿತು. ನಾಲ್ಕನೆಯ ಗುಡ್ಡದ ತುದಿಯಿಂದ ನನ್ನನ್ನು ಇಬ್ಬರು ಹೆಗಲು ಕೊಟ್ಟು ಕೆಳಗಿಳಿಸಿದರು. ಆಗ ಗೊತ್ತಾಯಿತು — ನಾವು ಹೊರೆ ಹೊತ್ತು ಇಳಿಯುವುದನ್ನು ಒಂದು ದಿನವೂ ತಾಲೀಮು ಮಾಡಿರಲಿಲ್ಲ. ಹಮಾಲನ ಹೊರೆ ಮೇಲೆ ಹೋಗುವುದಷ್ಟೇ. ಇಳಿಯುವಾಗ ಅವನ ಬೆನ್ನು ಖಾಲಿ. ಟಾಕಿಯ ತುದಿಯಲ್ಲಿ ನಾವು ಚೀಲವನ್ನು ಹಗ್ಗಕ್ಕೆ ಕಟ್ಟಿ ಬಿಡುತ್ತಿದ್ದದ್ದು ಆ ರೂಢಿಯಿಂದ. ಕೂಟದ ಕಾಗದದಲ್ಲಿ ‘ಹೊತ್ತುಕೊಂಡೇ ಇಳಿಯಬೇಕು’ ಎಂದು ಓದಿದವನು ನಾನು. ಓದಿ ಹೇಳಬೇಕಾದವನೂ ನಾನೇ.

ಏಳರಲ್ಲಿ ನಾಲ್ಕು. ಕಸಿದುಕೊಂಡದ್ದನ್ನು ತಿನ್ನಲೂ ಆಗಲಿಲ್ಲ. ಆದರೂ ಆಳಂದದಲ್ಲಿ ಶಾಲು ಹೊದಿಸಿದರು. ನಾನು ಮಾತನಾಡಿದೆ — ಮನೋಬಲದ ಬಗ್ಗೆ! ದಸ್ತಗೀರ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ.

ಮರುದಿನ ಎಣ್ಣೆಯ ಬಾಟಲಿ ಹಿಡಿದು ಮನೆಗೆ ಬಂದ. ನನ್ನ ಮಂಡಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತ ಹೇಳಿದ.

“ತಪ್ಪು ನಂದ್ರಿ ಸರ. ಏರೋದಷ್ಟ ಕಲಿಸ್ದೆ. ಇಳಿಯೋದು ಕಲಿಸಲಿಲ್ಲ. ಮಾಫ್ ಮಾಡ್ರಿ.”

ನಾನು ಮಾಫ್ ಮಾಡಿದೆ. ಹೌದು — ಇರಲಿ ಬಿಡು ದಸ್ತಗೀರ, ಎಂದೆ. ನಾನು ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಇಷ್ಟು ಹೇಸಿಗೆಯದು ಇನ್ನೊಂದಿಲ್ಲ. ಫೋನಿನಲ್ಲಿ ಆಡಿದ್ದಕ್ಕಿಂತ ಇದು ಕೀಳು.

ಇಷ್ಟು ದಿನ ನನ್ನನ್ನು ಕಾಪಾಡಿದ್ದು ನನ್ನ ಓದು. ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದು, ಅದನ್ನು ಸಾಕ್ಷಿಯಾಗಿ ಒಪ್ಪಬಾರದು ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ಅದೇ ಪಾಠದ ಹಿಂದೆ ಅವಿತು ಕೂತಿದ್ದೆ: ನಾನು ಹೊಗಳಿದ್ದೇ ಇರಬೇಕು, ನಮ್ಮ ಕಡೆಯ ಮಾತು ಅವರಿಗೆ ತಿಳಿಯಲಿಲ್ಲ, ಅಷ್ಟೇ. ಎಷ್ಟು ಚೆಂದದ ವಾದ! ಭಾಷೆಯ ತಪ್ಪು, ದೂರದ ತಪ್ಪು, ಎಲ್ಲರ ತಪ್ಪು.

ಕಳೆದ ತಿಂಗಳು ಜೇವರ್ಗಿ ತಾಲೂಕಿನ ಕೊಳಕೂರಿಗೆ ಹೋಗಿದ್ದೆ. ಅದು ನಾನು ಹುಟ್ಟಿದ ಊರು. ಈಗ ಅಕ್ಕನ ಸಂಸಾರ ಇದೆ. ತೀರಿಕೊಂಡ ಅವ್ವನ ಟ್ರಂಕು ತೆರೆದಾಗ ಉಸಿರಿಗೆ ಎಳೆದುಕೊಳ್ಳುವ ಔಷಧದ ಡಬ್ಬಿ ಸಿಕ್ಕಿತು. ಅವ್ವನ ದಮ್ಮಿನ ಡಬ್ಬಿ ನೋಡೋ, ಎಂದಳು ಅಕ್ಕ. ಅವ್ವನಿಗೆ ದಮ್ಮು ಇತ್ತು. ನಮ್ಮ ಮನೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಗೋಡೆಗೆ ಒರಗಿ ಉಸಿರಿಗೆ ತಡಕಾಡುವ ಅವ್ವನನ್ನು ನೋಡುತ್ತ ಬೆಳೆದವನು ನಾನು. ಕಸುವು ಎನ್ನಲು ಆ ಶಬ್ದವನ್ನು ನಾನು ಬಳಸಿದವನೇ ಅಲ್ಲ. ಅದು ಬಜಾರಿನ ಮಾತು, ದಸ್ತಗೀರನ ಟೋಳಿಯ ಮಾತು. ಅವತ್ತು ಮಾತ್ರ, ಆ ಫೋನಿನಲ್ಲಿ ಮಾತ್ರ, ಅದು ನನ್ನ ಬಾಯಿಗೆ ಬಂತು — ಎರಡು ಅಲಗಿನ ಮಾತು ಎಂದು ಗೊತ್ತಿದ್ದೇ ಬಂತು. ಸಿಕ್ಕಿಬಿದ್ದರೆ ಹೊಗಳಿದೆ ಎನ್ನಬಹುದು, ಸಿಕ್ಕದಿದ್ದರೆ ಜಾಗ ನನ್ನದು. ತರ್ಕ ಕಲಿಸುವವನು ಬೇರೆ ಯಾವ ಮಾತು ಆರಿಸಿಯಾನು?

ಹೋದ ವಾರ ಧೈರ್ಯ ಮಾಡಿ ಬಜಾರಿಗೆ ಹೋದೆ. ಮುಕಾದಮ ಶರಣಪ್ಪನನ್ನು ಪಕ್ಕಕ್ಕೆ ಕರೆದು, ಚುಟುಕಾಗಿ ಮುಗಿಸೋಣವೆಂದು, ದಸ್ತಗೀರನಿಗೆ ದಮ್ಮಿಲ್ಲ ಎಂದೆ. ಶರಣಪ್ಪ ನಕ್ಕ.

“ಅದನ್ನ ಹೇಳಾಕತ್ತೇವಲ್ರಿ ನಾವೂ. ದಮ್ಮ ಇದ್ದಿದ್ರ ಥಪ್ಪಿ ಬಿಟ್ಟು ದಬ್ಬಣ ಹಿಡದು ಯಾಕ ಕುಂದರತಿದ್ದ?”

ತಕ್ಕಡಿಯ ಹತ್ತಿರ ದಸ್ತಗೀರ ತಲೆ ಎತ್ತಿದ. ಕೇಳಿಸಿತ್ತು. ನಾನು, ಅವನ ಗುರುತಿನ ಮಾಸ್ತರ, ಬಜಾರಿನ ನಡುವೆ ಅವನಿಗೆ ದಮ್ಮಿಲ್ಲ ಎಂದಿದ್ದೆ. ಅವನು ತಲೆ ತಗ್ಗಿಸಿ ದಾರ ಎಳೆದ. ನಾನು ವಿವರಿಸಲು ಬಾಯಿ ತೆರೆದು — ಹಾಗೇ ತಿರುಗಿ ಬಂದೆ.

ಇದೆ ಎಂದರೂ ಅವನಿಗೇ ಪೆಟ್ಟು, ಇಲ್ಲ ಎಂದರೂ ಅವನಿಗೇ. ಆ ಮಾತಿನಿಂದ ಕೆಡಿಸಿದ್ದನ್ನು ಆ ಮಾತಿನಿಂದ ಸರಿಪಡಿಸಲು ಬರುವುದಿಲ್ಲ. ಚುಟುಕಾಗಿ ಮುಗಿಯುವುದೂ ಇಲ್ಲ. ಸೋಮವಾರ ಬಜಾರು ತುಂಬಿರುತ್ತದೆ. ಟೋಳಿ ಪೂರ್ತಿ ಇರುತ್ತದೆ, ಶರಣಪ್ಪ ಇರುತ್ತಾನೆ, ದಬ್ಬಣ ಹಿಡಿದು ದಸ್ತಗೀರ ಇರುತ್ತಾನೆ. ಅಲ್ಲಿ ನಿಂತು ಇದೆಲ್ಲವನ್ನೂ ಮೊದಲಿನಿಂದ ಹೇಳಬೇಕು — ವರಾಂಡ, ಫೋನು, ಹೂಂ ರಿ, ಎಣ್ಣೆ ತಿಕ್ಕಿಸಿಕೊಂಡದ್ದು, ಮಾಫ್ ಮಾಡಿದ್ದು. ಅವನು ಮಾಫ್ ಮಾಡಲಿ ಎಂದು ಕೇಳುವುದಿಲ್ಲ. ಕೇಳುವ ಹಕ್ಕನ್ನು ನಾನು ಆ ದಿನ, ಅವನ ತೊಡೆಯ ಮೇಲೆ ಕಾಲಿಟ್ಟು, ಕಳೆದುಕೊಂಡೆ.

ಹೋದ ವಾರ ನಡುವೆ ನಿಂತೆ. ನಿಂತದ್ದಕ್ಕೇ ಇಷ್ಟು ಭಾರವಾಗಿದೆ. ಸೋಮವಾರ ನಿಲ್ಲುವುದಿಲ್ಲ.